ಒಂದೇ ಥಾನು, ನಾಲ್ಕು ಮುದ್ರೆ

ಬೋನಸ್ಸಿನ ಹಣ ಕಾರ್ಮಿಕನ ಕೈಗೆ ಬರುವುದಕ್ಕೆ ಮುಂಚೆಯೇ ಅದಕ್ಕೆ ವಾರಸುದಾರರು ಹುಟ್ಟಿಕೊಂಡಿರುತ್ತಾರೆ. ಮನೆ ಬಾಡಿಗೆಯವನು, ಕೈಸಾಲ ಕೊಟ್ಟವನು, ಮಗಳ ಕಾಲೇಜಿನ ಶುಲ್ಕ. ಇವರೆಲ್ಲ ಹಳೆಯ ವಾರಸುದಾರರು, ಇವರ ಹಕ್ಕನ್ನು ಯಾರೂ ಅಲ್ಲಗಳೆಯುವಂತಿಲ್ಲ. ಕೆಲವು ವರ್ಷಗಳಿಂದ ಇನ್ನೊಬ್ಬನು ಈ ಸಾಲಿನಲ್ಲಿ ಬಂದು ನಿಂತಿದ್ದಾನೆ. ಆತ ದಸರೆಗೆ ಹದಿನೈದು ದಿನ ಮೊದಲೇ ದಿನಪತ್ರಿಕೆಗಳ ಮುಖಪುಟವನ್ನು ಇಡಿಯಾಗಿ ಕೊಂಡುಕೊಂಡು, ಬಾಗಿಲಷ್ಟು ದೊಡ್ಡ ಟೆಲಿವಿಷನ್ನಿನ ಚಿತ್ರ ಹಾಕಿಸಿ, ಅದರ ಮೇಲೆ ಒಂದು ಬೆಲೆ ಬರೆದು, ಆ ಬೆಲೆಗೆ ಅಡ್ಡಗೀಟು ಎಳೆದು, ಕೆಳಗೆ ಇನ್ನೊಂದು ಬೆಲೆ ಬರೆಯುತ್ತಾನೆ. ಅಡ್ಡಗೀಟು ಎಳೆದ ಬೆಲೆಗೆ ಆ ಪೆಟ್ಟಿಗೆಯನ್ನು ಭೂಮಿಯ ಮೇಲೆ ಯಾವ ಮನುಷ್ಯನೂ ಎಂದೂ ಕೊಂಡಿರಲಾರ. ಆದರೂ ಗೀಟನ್ನು ನೋಡಿ ನಮ್ಮವರ ಎದೆ ಹಿಗ್ಗುತ್ತದೆ.

ಈ ಹಬ್ಬದ ಹಂಗಾಮಿನಲ್ಲಿ ನಮ್ಮ ಪತ್ರಿಕೆಯ ಕಚೇರಿಗೆ ಬರುವ ಗಿರಣಿ ಬಂಧುಗಳು, ಪೇಟೆಯ ಚಿಕ್ಕ ವರ್ತಕರು ಎಲ್ಲರೂ ಒಂದೇ ಪ್ರಶ್ನೆ ಹಾಕುತ್ತಾರೆ: "ಯಾವ ಕಂಪನಿಯದು ತೆಗೆದುಕೊಳ್ಳಲಿ?" ಹತ್ತು ಹನ್ನೆರಡು ಸಾವಿರ ರೂಪಾಯಿಯೆಂದರೆ ನಮ್ಮ ಓದುಗರಲ್ಲಿ ಬಹುಮಂದಿಗೆ ಒಂದು ತಿಂಗಳ ದುಡಿಮೆ. ಅದು ಕೆಟ್ಟ ವಸ್ತುವಿನಲ್ಲಿ ಮುಳುಗಿದರೆ ಎರಡನೆಯ ಸಲ ಕೊಳ್ಳುವ ಶಕ್ತಿ ಬರುವುದಕ್ಕೆ ನಾಲ್ಕು ವರ್ಷ ಬೇಕು. ಆದ್ದರಿಂದ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವುದು ಸಲ್ಲದು.

ತಳ್ಳಿಹಾಕುವವರು ನಮ್ಮ ಬಳಗದಲ್ಲೂ ಇದ್ದಾರೆ. ಕಾರ್ಮಿಕನಿಗೆ ಟೆಲಿವಿಷನ್ ಏತಕ್ಕೆ, ಅದೊಂದು ಮಂಕುಬೂದಿ ಎಂದು ಮೂಗು ಮುರಿಯುವ ಈ ಮಹಾಶಯರ ಮನೆಯ ಗೋಡೆಯ ಮೇಲೆ ಎಷ್ಟು ಅಂಗುಲದ ಪೆಟ್ಟಿಗೆ ನೇತುಹಾಕಿದೆಯೆಂದು ನಾವು ಕೇಳುವುದಿಲ್ಲ. ಇಡೀ ಪಾಳಿ ಯಂತ್ರದ ಮುಂದೆ ನಿಂತು ಬಂದವನಿಗೆ, ಬೆಳಗಿನಿಂದ ಅಂಗಡಿಯ ಗಲ್ಲಾದ ಮುಂದೆ ಕೂತು ಬಂದವನಿಗೆ, ಇವರಿಬ್ಬರಿಗಿಂತ ಹೆಚ್ಚು ದುಡಿದ ಅವರ ಮನೆಯ ಹೆಂಗಸರಿಗೆ, ರಾತ್ರಿ ಒಂದು ಗಂಟೆ ಹಾಡು, ನಾಟಕ, ಕ್ರಿಕೆಟ್ಟು ನೋಡುವ ಹಕ್ಕಿಲ್ಲವೆ? ಐದು ಜನ ಸಿನಿಮಾಕ್ಕೆ ಹೋಗಿಬಂದರೆ ಒಂದು ದಿನದ ಕೂಲಿ ಹೋಗುವ ಕಾಲ ಇದು. ಕೊಳ್ಳಬೇಡ ಎನ್ನುವ ಉಪದೇಶ ಉಳ್ಳವರ ಉಪದೇಶ. ಮೋಸಹೋಗದೆ ಕೊಳ್ಳುವ ಬಗೆ ಯಾವುದು ಎನ್ನುವುದೇ ನಮ್ಮ ಮಾತು.

ಈ ದೇಶದ ಬಡವನು ಟೆಲಿವಿಷನ್ನನ್ನು ಮೊದಲು ನೋಡಿದ್ದು ಅಂಗಡಿಯಲ್ಲಲ್ಲ. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಸಾರ ಆರಂಭವಾದದ್ದೇನೋ ನಿಜ. ಆದರೆ ಹಳ್ಳಿಯವನಿಗೆ ಅದು ದೊರೆತದ್ದು 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ ಉಪಗ್ರಹ ಪ್ರಯೋಗದಲ್ಲಿ. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮ ಮುಟ್ಟಿತು. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಊರಿಗೊಂದು ಪೆಟ್ಟಿಗೆ, ಊರೆಲ್ಲ ಅದರ ಮುಂದೆ. ಪೆಟ್ಟಿಗೆಗಳನ್ನು ಮಾಡಿಕೊಟ್ಟದ್ದು ಹೈದರಾಬಾದಿನ ಸರಕಾರಿ ಕಂಪನಿ ಇಸಿಐಎಲ್. ಅದು ತುರ್ತುಪರಿಸ್ಥಿತಿಯ ವರ್ಷವಾಗಿತ್ತು, ಪೆಟ್ಟಿಗೆ ಸರಕಾರದ ಬಾಯಾಗಿತ್ತು ಎಂಬುದನ್ನು ನಾವು ಮರೆತಿಲ್ಲ. ಆದರೂ ಅಂದು ಯಾವ ಕಂಪನಿಯದು ಎಂಬ ಚಿಂತೆ ಯಾರ ತಲೆಯನ್ನೂ ತಿನ್ನುತ್ತಿರಲಿಲ್ಲ. ಕೆಟ್ಟರೆ ರಿಪೇರಿಯ ಹೊಣೆ ಸರಕಾರದ್ದಾಗಿತ್ತು.

1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದೊಂದಿಗೆ ಬಣ್ಣ ಬಂತು. ಬಣ್ಣದೊಂದಿಗೆ ಹೆಸರುಗಳ ಜಾತ್ರೆ ಬಂತು. ಟೆಲಿವಿಸ್ಟಾ, ವೆಸ್ಟನ್, ಕ್ರೌನ್, ಡಯನೋರಾ, ಸಾಲಿಡೇರ್. ನಮ್ಮ ಹಿರಿಯ ಓದುಗರು ಈ ಹೆಸರುಗಳನ್ನು ನೆನೆಯಬಲ್ಲರು. ನೆರೆಮನೆಯವನ ಹೊಟ್ಟೆ ಉರಿಸುವುದಕ್ಕಾಗಿಯೇ ಟೀವಿ ಕೊಳ್ಳಿರೆಂದು ಒಬ್ಬ ಕೊಂಬಿನ ಮನುಷ್ಯನನ್ನು ಕುಣಿಸಿದ ಕಂಪನಿಯೂ ಇತ್ತು. ಅಂದು ಮನೆಮಾತಾಗಿದ್ದ ಹೆಸರುಗಳಲ್ಲಿ ಇಂದು ಎಷ್ಟು ಉಳಿದಿವೆ? ದೇಶದ ಅತಿ ದೊಡ್ಡ ಟೀವಿ ಕಂಪನಿಗಳಲ್ಲಿ ಒಂದೆನಿಸಿದ್ದ ವಿಡಿಯೋಕಾನ್ 2018ರಲ್ಲಿ ಸಾಲ ತೀರಿಸಲಾರದೆ ದಿವಾಳಿ ನ್ಯಾಯಮಂಡಲಿಯ ಕಟ್ಟೆ ಹತ್ತಿತು. ಹೆಸರು ನೋಡಿ ಕೊಂಡವರಿಗೆ ಹೆಸರು ಎಷ್ಟು ವರ್ಷ ಜತೆಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈಗಿನ ಹೆಸರುಗಳ ಕಥೆ ಇನ್ನೂ ಸ್ವಾರಸ್ಯವಾದದ್ದು. ಗಿರಣಿಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಮಗ್ಗದಿಂದ ಇಳಿದ ಒಂದೇ ಥಾನಿಗೆ, ಮಡಿಕೆ ಖಾತೆಯಲ್ಲಿ ನಾಲ್ಕು ವ್ಯಾಪಾರಿಗಳ ನಾಲ್ಕು ಮುದ್ರೆ ಬೀಳುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ನೇಯ್ದವನಿಗೆ ನೂಲಿನ ನಂಬರು ಗೊತ್ತು. ಕೊಳ್ಳುವವನಿಗೆ ಮುದ್ರೆ ಮಾತ್ರ ಗೊತ್ತು. ಟೆಲಿವಿಷನ್ ಪೇಟೆಯಲ್ಲಿ ನಡೆಯುತ್ತಿರುವುದೂ ಇದೇ.

ಕೊಡ್ಯಾಕ್ ಎಂಬುದು ಅಮೆರಿಕದ ಛಾಯಾಚಿತ್ರದ ಕಂಪನಿ. 2012ರಲ್ಲಿ ಅದು ದಿವಾಳಿ ಅರ್ಜಿ ಹಾಕಿಕೊಂಡಿತು. ಬ್ಲೌಪುಂಕ್ಟ್ ಜರ್ಮನಿಯ ರೇಡಿಯೊ ಹೆಸರು. ವೆಸ್ಟಿಂಗ್‌ಹೌಸ್ ಅಮೆರಿಕದ ವಿದ್ಯುತ್ ಯಂತ್ರಗಳ ಹೆಸರು. ಥಾಮ್ಸನ್ ಫ್ರಾನ್ಸಿನದು. ಇದರ ಕಥೆಯನ್ನು ಸಮಾಜವಾದಿಗಳು ವಿಶೇಷವಾಗಿ ನೆನಪಿಡಬೇಕು: ಅದು ಅಲ್ಲಿಯ ಸರಕಾರದ ಒಡೆತನದಲ್ಲಿದ್ದಾಗ, 1996ರಲ್ಲಿ, ಅಂದಿನ ಪ್ರಧಾನಿ ಅಲೆನ್ ಜುಪ್ಪೆ ಅದರ ಟೀವಿ ವಿಭಾಗವನ್ನು ಕೊರಿಯಾದ ಡೇವೂ ಕಂಪನಿಗೆ ಕೇವಲ ಒಂದು ಫ್ರಾಂಕಿಗೆ ಒಪ್ಪಿಸಲು ಹೊರಟರು. ಅಲ್ಲಿಯ ಜನ ಎದ್ದು ನಿಂತದ್ದರಿಂದ ಆ ವರ್ಷ ವ್ಯಾಪಾರ ಮುರಿಯಿತು. ಒಂದು ಫ್ರಾಂಕ್! ಪ್ರಧಾನಿಯೇ ಒಂದು ನಾಣ್ಯಕ್ಕೆ ಬೆಲೆಕಟ್ಟಿದ ಹೆಸರು ಇಂದು ನಮ್ಮ ಪೇಟೆಯಲ್ಲಿ "ಫ್ರೆಂಚ್ ಬ್ರಾಂಡ್" ಎಂಬ ಮೆರುಗಿನೊಂದಿಗೆ ಮೆರೆಯುತ್ತಿದೆ.

ಈ ನಾಲ್ಕು ಹೆಸರಿನ ಟೀವಿಗಳನ್ನೂ ನಮ್ಮ ದೇಶದಲ್ಲಿ ಪರವಾನಗಿ ಪಡೆದು ತಯಾರಿಸಿ ಮಾರುತ್ತ ಬಂದಿರುವುದು ಸೂಪರ್ ಪ್ಲಾಸ್ಟ್ರಾನಿಕ್ಸ್ ಎಂಬ ನೋಯ್ಡಾದ ಒಂದೇ ಕಂಪನಿ. ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದೇನೂ ಇಲ್ಲ. ಆ ಪೆಟ್ಟಿಗೆಗಳು ಕೆಟ್ಟವೆಂದೂ ನಾವು ಹೇಳುತ್ತಿಲ್ಲ. ನೋಯ್ಡಾದ ಕಾರ್ಮಿಕನ ಕೈಗೆಲಸ ಜರ್ಮನಿಯವನ ಕೈಗೆಲಸಕ್ಕೆ ಕಡಿಮೆಯೆಂದು ನಾವು ಭಾವಿಸಿಲ್ಲ. ನಮ್ಮ ತಕರಾರು ಬೇರೆ. ಅಮೆರಿಕದ್ದೋ ಜರ್ಮನಿಯದ್ದೋ ಎಂದು ಗಂಡಹೆಂಡಿರು ಮೂರು ರಾತ್ರಿ ಚರ್ಚಿಸಿ, ಹೆಸರಿಗೆಂದು ಐನೂರು ರೂಪಾಯಿ ಹೆಚ್ಚು ತೆತ್ತರೆ, ಆ ಚರ್ಚೆಯೂ ವ್ಯರ್ಥ, ಆ ಐನೂರೂ ವ್ಯರ್ಥ. ಚೀಣಾದ ಶಿಯೋಮಿ ತನ್ನ ಟೀವಿಗಳನ್ನು 2018ರಿಂದ ಇಲ್ಲಿ ಮಾಡಿಸತೊಡಗಿದಾಗ ಅವು ತಯಾರಾದದ್ದು ತಿರುಪತಿಯಲ್ಲಿ, ಡಿಕ್ಸನ್ ಎಂಬ ಗುತ್ತಿಗೆ ಕಂಪನಿಯ ಕಾರ್ಖಾನೆಯಲ್ಲಿ. ದೊಡ್ಡ ದೊಡ್ಡ ಆನ್‌ಲೈನ್ ಅಂಗಡಿಗಳು ಕೂಡ ತಾವೇ ಹೆಸರು ಇಟ್ಟುಕೊಂಡವು: 2017ರಲ್ಲಿ ಫ್ಲಿಪ್‌ಕಾರ್ಟಿನ ಮಾರ್ಕ್ಯೂ, 2020ರ ಕೊನೆಯಲ್ಲಿ ಅಮೆಜಾನ್ ಬೇಸಿಕ್ಸ್. ಅಂಗಡಿಯವನೇ ತಕ್ಕಡಿ, ಅಂಗಡಿಯವನೇ ಸರಕು, ಅಂಗಡಿಯವನೇ ಗಿರಾಕಿಯ ಅಭಿಪ್ರಾಯವನ್ನು ಅಚ್ಚುಹಾಕುವವನು! ಪೇಟೆಯ ಚಿಕ್ಕ ವರ್ತಕ ಇವರ ಜತೆ ಪೈಪೋಟಿ ನಡೆಸಬೇಕಂತೆ.

ಇನ್ನು ಒಳಗಿನ ಗಾಜು. ಟೀವಿಯ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದರ ಪರದೆಯದು. ನಮ್ಮ ಕಾರ್ಖಾನೆಗಳಲ್ಲಿ ನಡೆಯುವುದು ಜೋಡಣೆ. ಪರದೆ ಹೊರಗಿನಿಂದ ಬರುತ್ತದೆ. ಜಗತ್ತಿನ ಪರದೆಗಳನ್ನು ಈಗ ಬಹುಪಾಲು ಮಾಡುವವರು ಚೀಣಾದ ಬಿಒಇ, ಸಿಎಸ್‌ಒಟಿ, ಎಚ್‌ಕೆಸಿ ಮೊದಲಾದ ಕೆಲವೇ ಕಂಪನಿಗಳು. ಕೊರಿಯಾದ ಸ್ಯಾಮ್‌ಸಂಗ್ ಸ್ವಂತ ಎಲ್‌ಸಿಡಿ ಪರದೆ ಮಾಡುವುದನ್ನು 2022ರಲ್ಲಿ ನಿಲ್ಲಿಸಿತು. ಎಲ್‌ಜಿ ತನ್ನ ಗ್ವಾಂಗ್‌ಝೌ ಕಾರ್ಖಾನೆಯನ್ನು 2025ರಲ್ಲಿ ಆ ಸಿಎಸ್‌ಒಟಿಗೇ ಮಾರಿತು. ಹೀಗಿರುವಾಗ ಹನ್ನೆರಡು ಸಾವಿರದ ಪೆಟ್ಟಿಗೆಗೂ ಹದಿನಾರು ಸಾವಿರದ ಪೆಟ್ಟಿಗೆಗೂ ಗಾಜು ಒಂದೇ ಊರಿನಿಂದ ಬಂದಿರುವುದು ಸಾಮಾನ್ಯ ಸಂಗತಿ. ವ್ಯತ್ಯಾಸ ಇಲ್ಲವೇ ಇಲ್ಲವೆಂದರೆ ಅದೂ ಸುಳ್ಳಾಗುತ್ತದೆ. ಹಿಂಬದಿಯ ದೀಪಪಟ್ಟಿ, ವಿದ್ಯುತ್ ಬೋರ್ಡು, ಧ್ವನಿಪೆಟ್ಟಿಗೆ ಇವುಗಳಲ್ಲಿ ಉಳಿತಾಯ ಮಾಡುವವರೂ ಇದ್ದಾರೆ, ಮಾಡದವರೂ ಇದ್ದಾರೆ. ಆದರೆ ಅದು ಹೆಸರಿನಿಂದ ತಿಳಿಯುವುದಿಲ್ಲ.

ಬೆಲೆಯ ವಿಷಯ. ಗರಿಷ್ಠ ಮಾರಾಟ ಬೆಲೆಯನ್ನು ಪೆಟ್ಟಿಗೆಯ ಮೇಲೆ ಅಚ್ಚುಹಾಕಬೇಕೆಂದು ಕಾನೂನು ಹೇಳುತ್ತದೆ. ಟೀವಿಗೆ ಎಷ್ಟು ಅಚ್ಚುಹಾಕಬಹುದೆಂಬುದಕ್ಕೆ ಮಿತಿಯಿಲ್ಲ. ಹನ್ನೊಂದು ಸಾವಿರಕ್ಕೆ ಮಾರುವ ಉದ್ದೇಶವಿದ್ದರೆ ಇಪ್ಪತ್ತೈದು ಸಾವಿರ ಎಂದು ಅಚ್ಚುಹಾಕಿ, ಹದಿನಾಲ್ಕು ಸಾವಿರ ಸೋಡಿ ಕೊಟ್ಟೆನೆಂದು ಡಂಗುರ ಸಾರಿದರೆ ತಡೆಯುವವರು ಯಾರೂ ಇಲ್ಲ. ಆದ್ದರಿಂದ ಸೋಡಿಯ ಅಂಕೆಯನ್ನು ನೋಡಲೇಬಾರದು. ಅದೇ ಮಾಡೆಲ್ಲಿಗೆ ಮೂರು ಅಂಗಡಿಯಲ್ಲಿ ಕೈಗೆ ಬೀಳುವ ಬೆಲೆ ಎಷ್ಟು, ಅಷ್ಟೇ ಪ್ರಶ್ನೆ.

ತೆರಿಗೆಯ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. 2025ರ ಸೆಪ್ಟೆಂಬರ್ 22ರಿಂದ ಟೀವಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು, ಬಡವನಿಗೆ ಹಬ್ಬದ ಉಡುಗೊರೆ ದೊರೆಯಿತು ಎಂದು ತಮ್ಮಟೆ ಬಾರಿಸಿದರು. ಯಾವ ಟೀವಿ? 32 ಅಂಗುಲಕ್ಕಿಂತ ದೊಡ್ಡವು. 32 ಮತ್ತು ಅದಕ್ಕಿಂತ ಚಿಕ್ಕವುಗಳಿಗೆ 2019ರ ಜನವರಿಯಿಂದಲೇ ಶೇಕಡಾ 18 ಇತ್ತು, ಅದು ಹಾಗೆಯೇ ಉಳಿಯಿತು. ಮೂಲಬೆಲೆ ಒಂದು ಲಕ್ಷ ರೂಪಾಯಿಯ ಗೋಡೆಗಾತ್ರದ ಟೀವಿ ಕೊಂಡ ಧಣಿಗೆ ಹತ್ತು ಸಾವಿರ ಉಳಿಯಿತು. ಹತ್ತಡಿಯ ಕೋಣೆಗೆ 32 ಅಂಗುಲದ್ದು ಕೊಂಡ ಕಾರ್ಮಿಕನಿಗೆ ಉಳಿದದ್ದು ಒಂದು ಕಾಸೂ ಇಲ್ಲ. ಉಡುಗೊರೆ ಯಾರ ಮನೆಯ ಬಾಗಿಲಿಗೆ ಹೋಯಿತೆಂಬುದನ್ನು ಓದುಗರೇ ಲೆಕ್ಕ ಹಾಕಲಿ. ಆದರೂ ಆ ತಿಂಗಳು 32 ಅಂಗುಲದ ಪೆಟ್ಟಿಗೆಯ ಗಿರಾಕಿಗೂ "ತೆರಿಗೆ ಇಳಿದಿದೆ, ಈಗಲೇ ಕೊಳ್ಳಿ" ಎಂದು ಹೇಳಿ ಸಾಗಹಾಕಿದವರುಂಟು.

ಹಾಗಾದರೆ ಎಷ್ಟು ದೊಡ್ಡದು ಬೇಕು? ಅಂಗಡಿಯವನು ದೊಡ್ಡದರ ಕಡೆಗೇ ಎಳೆಯುತ್ತಾನೆ. ಅಂಗುಲವನ್ನು ಅಳೆಯುವುದು ಮೂಲೆಯಿಂದ ಮೂಲೆಗೆ. ಆದ್ದರಿಂದ 32ರಿಂದ 43ಕ್ಕೆ ಹೋದರೆ ಪರದೆಯ ವಿಸ್ತಾರ ಶೇಕಡಾ 80ರಷ್ಟು ಹೆಚ್ಚುತ್ತದೆ. ದೊಡ್ಡ ಕೋಣೆಯಿದ್ದವರಿಗೆ ಅದು ನಿಜವಾದ ಲಾಭ, ಅಲ್ಲಗಳೆಯುವುದಿಲ್ಲ. ಆದರೆ ಗೆರೆಗಳ ಲೆಕ್ಕದಲ್ಲಿ ಮಾತ್ರ ಬಹಳ ಮೋಸವಿದೆ. 32 ಅಂಗುಲದಲ್ಲಿ ಸಾಮಾನ್ಯವಾಗಿ ಬರುವುದು "ಎಚ್‌ಡಿ ರೆಡಿ", ಎಂದರೆ 768 ಅಡ್ಡಗೆರೆಗಳು. ಇದನ್ನು ಹಳೆಯದೆಂದು ಹೀಯಾಳಿಸಿ ಎರಡು ಮೂರು ಸಾವಿರ ಹೆಚ್ಚು ಕೊಡಿಸುತ್ತಾರೆ. ಆರೋಗ್ಯವಾದ ಕಣ್ಣು ಆರು ಅಡಿಯಾಚೆಯಿಂದ 32 ಅಂಗುಲದ ಪರದೆಯ ಆ ಗೆರೆಗಳನ್ನು ಬಿಡಿಬಿಡಿಯಾಗಿ ಕಾಣಲಾರದು. 43 ಅಂಗುಲದಲ್ಲಿ 1080 ಗೆರೆಯ "ಫುಲ್ ಎಚ್‌ಡಿ"ಗೂ ಅದರ ಎರಡರಷ್ಟಿರುವ "4ಕೆ"ಗೂ ಇರುವ ಭೇದ ಗೊತ್ತಾಗಬೇಕಾದರೆ ಆರು ಅಡಿಗಿಂತ ಹತ್ತಿರ ಕೂರಬೇಕು. 4ಕೆಯ ಪೂರ್ತಿ ಫಲ ಬೇಕಾದರೆ ಮೂರು ಅಡಿಗೆ, ಎಂದರೆ ಪರದೆಗೆ ಮೂಗು ತಾಗಿಸುವಷ್ಟು ಹತ್ತಿರಕ್ಕೆ ಹೋಗಬೇಕು. ಮನೆಯಲ್ಲಿ ಚಾಪೆ ಹಾಸುವ ಜಾಗದಿಂದ ಗೋಡೆಗೆ ಎಷ್ಟು ಅಡಿಯೆಂದು ಮೊದಲು ಅಳೆದು ಅಂಗಡಿಗೆ ಹೋಗಿ. ಟೇಪು ಇಲ್ಲದಿದ್ದರೆ ಹೆಜ್ಜೆ ಸಾಕು. ಎಚ್‌ಡಿಆರ್ ಎಂಬ ಇನ್ನೊಂದು ಮಂತ್ರವಿದೆ. ಅಗ್ಗದ ಪರದೆಗೆ ಅದನ್ನು ತೋರಿಸುವಷ್ಟು ಬೆಳಕೇ ಇರುವುದಿಲ್ಲ. ಪೆಟ್ಟಿಗೆಯ ಮೇಲೆ ಅಕ್ಷರ ಮಾತ್ರ ಇರುತ್ತದೆ.

ಇಷ್ಟು ಅಗ್ಗಕ್ಕೆ ಹೇಗೆ ಕೊಡುತ್ತಾರೆಂದು ಕೇಳುವವರು ಕಡಿಮೆ. ಪೆಟ್ಟಿಗೆ ಮಾರಿದ ಮೇಲೂ ವ್ಯಾಪಾರ ಮುಗಿಯುವುದಿಲ್ಲ ಎಂಬುದೇ ಉತ್ತರ. "ಸ್ಮಾರ್ಟ್" ಟೀವಿ ಹಾಕಿದೊಡನೆ ಮೊದಲ ಪುಟದಲ್ಲಿ ಬರುವ ಜಾಹೀರಾತಿಗೆ ಬಾಡಿಗೆ ಉಂಟು. ರಿಮೋಟಿನ ಮೇಲಿನ ಗುಂಡಿಗಳಿಗೂ ಬಾಡಿಗೆ ಉಂಟು. ಅದಕ್ಕಿಂತ ಕೆಟ್ಟದ್ದೂ ಇದೆ. ಅಮೆರಿಕದಲ್ಲಿ ವಿಝಿಯೋ ಎಂಬ ಕಂಪನಿ ಒಂದು ಕೋಟಿ ಹತ್ತು ಲಕ್ಷ ಟೀವಿಗಳಲ್ಲಿ, ಮನೆಯವರಿಗೆ ಸರಿಯಾಗಿ ತಿಳಿಸದೆ, ಅವರು ಏನು ನೋಡುತ್ತಿದ್ದಾರೆಂಬುದನ್ನು ಕ್ಷಣಕ್ಷಣವೂ ಕದ್ದು ನೋಡಿ ಆ ಮಾಹಿತಿಯನ್ನು ಮಾರುತ್ತಿತ್ತೆಂದು ಅಲ್ಲಿಯ ವ್ಯಾಪಾರ ಆಯೋಗ ಆರೋಪ ಹೊರಿಸಿತು. 2017ರ ಫೆಬ್ರವರಿಯಲ್ಲಿ ಆ ಕಂಪನಿ 22 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. ಶಿಕ್ಷೆಯಾಯಿತೆಂದು ಸಂತೋಷಪಡಬೇಡಿ. 2024ರ ಡಿಸೆಂಬರಿನಲ್ಲಿ ವಾಲ್‌ಮಾರ್ಟ್ ಅದೇ ಕಂಪನಿಯನ್ನು 230 ಕೋಟಿ ಡಾಲರಿಗೆ ಕೊಂಡಿತು. ಒಂದು ಅಂಗಡಿಯ ಒಡೆಯನಿಗೆ ಟೀವಿ ಕಾರ್ಖಾನೆ ಏತಕ್ಕೆ? ನಿಮ್ಮ ಪಡಸಾಲೆಯಲ್ಲಿ ಕೂತು ಜಾಹೀರಾತು ತೋರಿಸುವುದಕ್ಕೆ. ಟೀವಿಯ ಸೆಟ್ಟಿಂಗಿನಲ್ಲಿ "ವ್ಯೂಯಿಂಗ್ ಡೇಟಾ", "ಪರ್ಸನಲೈಸ್ಡ್ ಆಡ್ಸ್" ಎಂಬ ಬಾಬುಗಳಿದ್ದರೆ ಮೊದಲ ದಿನವೇ ಆರಿಸಿಬಿಡಿ. ಚಿತ್ರಕ್ಕೆ ಏನೂ ಕುಂದಾಗದು.

ಇನ್ನೊಂದು ಮಾತು. ಪರದೆ ಎಂಟು ವರ್ಷ ಬಾಳಬಹುದು; ಅದರೊಳಗಿನ ಪುಟ್ಟ ಗಣಕಯಂತ್ರ ಮೂರು ನಾಲ್ಕು ವರ್ಷಕ್ಕೇ ಏದುಸಿರು ಬಿಡುತ್ತದೆ. 2019ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸ್ಯಾಮ್‌ಸಂಗ್‌ನ ಕೆಲವು ಹಳೆಯ ಟೀವಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತುಹೋಯಿತು; ಪರದೆಗಳು ಚೆನ್ನಾಗಿಯೇ ಇದ್ದವು. ಅಂಥ ಹೊತ್ತಿನಲ್ಲಿ ಹೊಸ ಟೀವಿ ಕೊಳ್ಳಬೇಕಾಗಿಲ್ಲ, ಮೂರು ನಾಲ್ಕು ಸಾವಿರದ ಒಂದು ಕಡ್ಡಿ ಸಿಕ್ಕಿಸಿದರೆ ಆಯಿತು. ಮನೆಯಲ್ಲಿ ಇಂಟರ್‌ನೆಟ್ ಇಲ್ಲದವರು ಸ್ಮಾರ್ಟ್ ಎಂಬ ಮಾತಿಗೆ ಹಣ ಸುರಿಯುವುದೇ ಬೇಡ. ಪೆಟ್ಟಿಗೆಗಿಂತ ಹೆಚ್ಚು ನುಂಗುವುದು ತಿಂಗಳ ಚಂದಾ ಎಂಬುದನ್ನೂ ಮರೆಯಬಾರದು: ತಿಂಗಳಿಗೆ 300 ಎಂದು ಹಿಡಿದರೂ ನಾಲ್ಕು ವರ್ಷಕ್ಕೆ 14,400 ರೂಪಾಯಿ. ದೂರದರ್ಶನದ ಫ್ರೀ ಡಿಶ್ 2004ರಿಂದ ಇದೆ, ಅದಕ್ಕೆ ತಿಂಗಳ ಚಂದಾ ಇಲ್ಲ, ಚಂದನವೂ ಬರುತ್ತದೆ. ಕನ್ನಡದ ಖಾಸಗಿ ಧಾರಾವಾಹಿಗಳಿಗೆ ಒಗ್ಗಿದ ಮನೆಯಲ್ಲಿ ಇದಕ್ಕೆ ಒಪ್ಪಿಗೆ ಸಿಗುವುದು ಕಷ್ಟ, ನಮ್ಮ ಮನೆಯಲ್ಲೂ ಸಿಕ್ಕಿಲ್ಲ.

ಈಗ ಕಂತಿನ ವಿಷಯಕ್ಕೆ ಬರುತ್ತೇವೆ. ನಮ್ಮ ಜನ ಹಾಳಾಗುವುದು ಹೆಚ್ಚಾಗಿ ಇಲ್ಲಿ. "ಬಡ್ಡಿಯಿಲ್ಲದ ಕಂತು" ಎಂಬ ಬೋರ್ಡು ಇಲ್ಲದ ಅಂಗಡಿ ಇಂದು ಇಲ್ಲ. ಬಡ್ಡಿಯಿಲ್ಲದೆ ಸಾಲ ಕೊಡುವ ಲೇವಾದೇವಿಗಾರನನ್ನು ನಿಮ್ಮ ಅಜ್ಜ ಕಂಡಿದ್ದರೆ? 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಸುತ್ತೋಲೆ ಬರೆದು, ಸೊನ್ನೆ ಬಡ್ಡಿ ಎಂಬುದು ಇಲ್ಲವೇ ಇಲ್ಲ, ಬಡ್ಡಿಯನ್ನು ಬೇರೆ ಬೇರೆ ಶುಲ್ಕದ ಹೆಸರಿನಲ್ಲಿ ಮರೆಮಾಚಿ ಗಿರಾಕಿಯಿಂದ ಕಸಿಯಲಾಗುತ್ತಿದೆ ಎಂದಿತು. ಒಂದು ಲೆಕ್ಕ ನೋಡಿ. ನಗದು ಕೊಟ್ಟರೆ 14,000ಕ್ಕೆ ಸಿಗುವ ಪೆಟ್ಟಿಗೆ; ಕಂತಿನಲ್ಲಾದರೆ ತಿಂಗಳಿಗೆ 1,500ರಂತೆ ಹತ್ತು ಕಂತು, ಮೇಲೆ ಕಾಗದಪತ್ರದ ಖರ್ಚೆಂದು 500. ಒಟ್ಟು 15,500. ಬರೀ 1,500 ತಾನೆ ಹೆಚ್ಚು ಎನ್ನುವಿರಿ. ಆದರೆ ಪ್ರತಿ ತಿಂಗಳೂ ಅಸಲು ಕರಗುತ್ತ ಹೋಗುತ್ತದಲ್ಲ. ಅದನ್ನು ಹಿಡಿದು ಗುಣಿಸಿದರೆ ವರ್ಷಕ್ಕೆ ನೂರಕ್ಕೆ 23ಕ್ಕೂ ಮೀರಿದ ಬಡ್ಡಿ ಬಿದ್ದಿರುತ್ತದೆ. ಒಂದು ಕಂತು ತಪ್ಪಿದರೆ ದಂಡ ಬೇರೆ. ಆರು ತಿಂಗಳು ಹಳೆಯ ಪೆಟ್ಟಿಗೆಯಲ್ಲೇ ಕಾಲ ತಳ್ಳಿ, ತಿಂಗಳಿಗೆ ಎರಡು ಸಾವಿರದಂತೆ ಕೂಡಿಟ್ಟು, ನಗದು ಹಿಡಿದು ಹೋಗಿ ಚೌಕಾಸಿ ಮಾಡುವವನೇ ಜಾಣ. ಆಗ ಹಬ್ಬದ ನೂಕುನುಗ್ಗಲೂ ಇರುವುದಿಲ್ಲ.

ಇಷ್ಟು ಓದಿ ನಮ್ಮ ಪೇಟೆಯ ವರ್ತಕ ಬಂಧುಗಳು ತಲೆದೂಗುತ್ತಿರಬಹುದು. ಅವರಿಗೂ ಎರಡು ಕಟುವಾದ ಮಾತು ಹೇಳಬೇಕಾಗಿದೆ. ಆನ್‌ಲೈನ್ ದೈತ್ಯರಿಂದ ನಿಮಗೆ ಅನ್ಯಾಯವಾಗುತ್ತಿದೆ, ಅದನ್ನು ಈ ಪತ್ರಿಕೆ ಎಂದೂ ಮುಚ್ಚಿಟ್ಟಿಲ್ಲ. ಆದರೆ "ಬಿಲ್ ಬೇಡವೆಂದರೆ ಐನೂರು ಕಡಿಮೆ" ಎಂದು ಕಿವಿಯಲ್ಲಿ ಉಸುರುವವರು ಯಾರು? ದೊಡ್ಡ ಕಂಪನಿಯ ಹೆಸರಿನಲ್ಲಿ ಒಂದಕ್ಷರ ಬದಲಿಸಿದ ಹೆಸರಿನ ಪೆಟ್ಟಿಗೆಯನ್ನು, ತಯಾರಿಸಿದವನ ವಿಳಾಸವೇ ಇಲ್ಲದ ಪೆಟ್ಟಿಗೆಯನ್ನು, "ಎ ಪ್ಲಸ್ ಪ್ಯಾನೆಲ್, ಇಂಪೋರ್ಟೆಡ್" ಎಂದು ಗಿರಣಿಯವನ ತಲೆಗೆ ಕಟ್ಟುವವರು ಯಾರು? ಬಿಲ್ಲಿಲ್ಲದ ವಸ್ತುವಿಗೆ ಗ್ಯಾರಂಟಿಯಿಲ್ಲ, ದೂರು ಕೊಡಲು ಆಧಾರವೂ ಇಲ್ಲ. ಆ ಐನೂರು ರೂಪಾಯಿಗೆ ನೀವು ಗಿರಾಕಿಯಿಂದ ಅವನ ನ್ಯಾಯದ ಹಕ್ಕನ್ನೇ ಕೊಂಡುಕೊಂಡಂತಾಯಿತು. ಹೀಗೆ ಒಂದು ಸಲ ಸುಟ್ಟುಕೊಂಡವನು ಮುಂದಿನ ಸಲ ಮೊಬೈಲಿನಲ್ಲೇ ತರಿಸಿಕೊಳ್ಳುತ್ತಾನೆ. ನಿಮ್ಮ ಅಂಗಡಿಗೆ ಇರುವ ಏಕೈಕ ಬಲವೆಂದರೆ, ಕೆಟ್ಟ ಪೆಟ್ಟಿಗೆಯನ್ನು ಹೊತ್ತುಕೊಂಡು ಬಂದು ನಿಮ್ಮ ಗಲ್ಲಾದ ಮುಂದೆ ಇಡಬಹುದು ಎಂಬ ಗಿರಾಕಿಯ ಧೈರ್ಯ. ಅದನ್ನು ಐನೂರಕ್ಕೆ ಮಾರಿಕೊಳ್ಳಬೇಡಿ.

ಈ ಲೇಖಕನ ಮನೆಯದೇ ಒಂದು ಪ್ರಸಂಗ. ಕಂಪನಿಯ ಹೆಸರು ಬೇಡ; ಹೆಸರು ಯಾವುದಾದರೂ ಕಥೆ ಇದೇ. ಹನ್ನೆರಡು ಸಾವಿರ ಕೊಟ್ಟು ತಂದ ಪೆಟ್ಟಿಗೆ ಹದಿನಾಲ್ಕನೆಯ ತಿಂಗಳಲ್ಲಿ ಕತ್ತಲಾಯಿತು. ಧ್ವನಿ ಬರುತ್ತಿತ್ತು, ಚಿತ್ರವಿಲ್ಲ. ಗ್ಯಾರಂಟಿ ಹನ್ನೆರಡು ತಿಂಗಳಿನದು. ಕಂಪನಿಯ ಕಡೆಯವನು ಬಂದು, ನೋಡಿದ್ದಕ್ಕೆಂದು ಹಣ ತೆಗೆದುಕೊಂಡು, ಪರದೆ ಪೂರ್ತಿ ಬದಲಿಸಬೇಕು, ಒಂಬತ್ತು ಸಾವಿರವಾಗುತ್ತದೆ, ಅದಕ್ಕಿಂತ ಹೊಸದನ್ನೇ ಕೊಳ್ಳಿ ಎಂದು ಹಿತೋಪದೇಶ ಮಾಡಿ ಹೋದ. ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ ರೇಡಿಯೊ ಕಾಲದಿಂದ ರಿಪೇರಿ ಮಾಡುತ್ತಿರುವ ಒಬ್ಬ ಮುದುಕನ ಬಳಿಗೆ ಆಟೋದಲ್ಲಿ ಹಾಕಿಕೊಂಡು ಹೋದೆವು. ಆತ ಪರದೆಯ ಮೇಲೆ ಟಾರ್ಚು ಬಿಟ್ಟು ತೋರಿಸಿದ: ಬೆಳಕಿನ ಹಿಂದೆ ಚಿತ್ರ ಮಸುಕಾಗಿ ಓಡಾಡುತ್ತಿತ್ತು. ಪರದೆ ಸತ್ತಿರಲಿಲ್ಲ, ಹಿಂದಿನ ದೀಪಪಟ್ಟಿ ಸುಟ್ಟಿತ್ತು. ಸರಣಿಯಲ್ಲಿ ಒಂದು ದೀಪ ಹೋದರೆ ಇಡೀ ಸಾಲೇ ಆರುತ್ತದಂತೆ. 1,200 ರೂಪಾಯಿಗೆ ಪಟ್ಟಿ ಬದಲಿಸಿ ಕೊಟ್ಟು, ಕಾರ್ಖಾನೆಯಿಂದ ಬರುವಾಗಲೇ ಬೆಳಕನ್ನು ಪೂರ್ತಿ ಏರಿಸಿ ಕಳಿಸುತ್ತಾರೆ, ಅಂಗಡಿಯಲ್ಲಿ ಮಿಂಚಲೆಂದು. ಮನೆಗೆ ಅರವತ್ತರಷ್ಟು ಸಾಕು, ಇಳಿಸಿಕೊಂಡರೆ ಪಟ್ಟಿ ಬಾಳುತ್ತದೆ ಎಂದ. ಆ ಮಾತನ್ನು ಅಂಗಡಿಯವನೂ ಹೇಳಲಿಲ್ಲ, ಕಂಪನಿಯ ಪುಸ್ತಿಕೆಯೂ ಹೇಳಲಿಲ್ಲ. ಪೆಟ್ಟಿಗೆ ಇನ್ನೂ ನಡೆಯುತ್ತಿದೆ.

ಆದುದರಿಂದ "ಯಾವ ಕಂಪನಿಯದು" ಎಂಬ ಪ್ರಶ್ನೆಗೆ ನಮ್ಮ ಉತ್ತರವಿದು. ಪೆಟ್ಟಿಗೆಯ ಮುಂದಿರುವ ಹೆಸರನ್ನು ಬಿಟ್ಟು ಹಿಂದಿರುವ ಚೀಟಿಯನ್ನು ಓದಿ. ತಯಾರಿಸಿದವನ ಹೆಸರು, ವಿಳಾಸ, ತಿಂಗಳು, ವರ್ಷ, ದೂರಿನ ದೂರವಾಣಿ ಇವೆಲ್ಲ ಅಲ್ಲಿ ಇರಲೇಬೇಕು, ಕಾನೂನಿದೆ. ಇಲ್ಲದಿದ್ದರೆ ಬೆಲೆ ಕೇಳದೆ ಹೊರಗೆ ಬನ್ನಿ. ಆಮೇಲೆ ಆ ದೂರವಾಣಿಗೆ ಅಂಗಡಿಯಿಂದಲೇ ಕರೆಮಾಡಿ, ನಮ್ಮ ಊರಿನ ಪಿನ್‌ಕೋಡ್ ಹೇಳಿ, ಇಲ್ಲಿಗೆ ಯಾರು ರಿಪೇರಿಗೆ ಬರುತ್ತಾರೆ, ಎಷ್ಟು ದಿನಕ್ಕೆ ಎಂದು ಕೇಳಿ. ಬೆಂಗಳೂರಿಗೆ ಕಳಿಸಿ ಎಂಬ ಉತ್ತರ ಬಂದರೆ ಆ ಕಂಪನಿ ಎಷ್ಟೇ ದೊಡ್ಡದಾದರೂ ನಮ್ಮ ಜಿಲ್ಲೆಗೆ ಅದು ಇಲ್ಲವೆಂದೇ ಲೆಕ್ಕ. ಊರಿನ ಇಬ್ಬರು ರಿಪೇರಿಯವರನ್ನೂ ವಿಚಾರಿಸಿ: ಯಾವುದರ ಬಿಡಿಭಾಗ ಸಿಗುತ್ತದೆ, ಯಾವುದು ಹೆಚ್ಚಾಗಿ ಬರುತ್ತದೆ. ಅವರ ಅನುಭವ ಎಲ್ಲ ಜಾಹೀರಾತಿಗಿಂತ ಬೆಲೆಬಾಳುತ್ತದೆ. ಒಂದು ವರ್ಷದ ಗ್ಯಾರಂಟಿಗಿಂತ ಎರಡು ವರ್ಷದ್ದು ಎಂಟುನೂರು ರೂಪಾಯಿ ಹೆಚ್ಚಿದ್ದರೆ ಕೊಡಿ; ಹೆಸರಿಗೆಂದು ಎಂಟು ರೂಪಾಯಿ ಕೂಡ ಬೇಡ. ನಮ್ಮಲ್ಲಿ ಕರೆಂಟು ಏರಿಳಿಯುವುದರಿಂದ ಸ್ಟೆಬಿಲೈಸರಿಗೆ ಹಣ ತೆಗೆದಿಡಿ. ಹೀಗೆ ಶೋಧಿಸಿದ ಮೇಲೂ ಎರಡು ಮೂರು ಕಂಪನಿಗಳು ಉಳಿದರೆ ಅಗ್ಗದ್ದನ್ನು ತನ್ನಿ.

ಒಬ್ಬೊಬ್ಬನೂ ಜಾಣನಾದರೆ ಸಾಕೆ ಎಂದರೆ, ಸಾಲದು. ಐರೋಪ್ಯ ಒಕ್ಕೂಟದಲ್ಲಿ 2021ರ ಮಾರ್ಚ್ 1ರಿಂದ ಒಂದು ನಿಯಮ ಜಾರಿಯಲ್ಲಿದೆ. ಟೀವಿ ಮಾಡುವವನು ಒಂದು ಮಾಡೆಲ್ಲಿನ ಕೊನೆಯ ಪೆಟ್ಟಿಗೆ ಮಾರುಕಟ್ಟೆಗೆ ಬಂದ ಮೇಲೆ ಏಳು ವರ್ಷ ಅದರ ವಿದ್ಯುತ್ ಬೋರ್ಡು ಮೊದಲಾದ ಬಿಡಿಭಾಗಗಳನ್ನು ರಿಪೇರಿಯವರಿಗೆ ಒದಗಿಸಲೇಬೇಕು. ಅದೇ ಸ್ಯಾಮ್‌ಸಂಗ್, ಅದೇ ಎಲ್‌ಜಿ, ಅದೇ ಟಿಸಿಎಲ್ ಅಲ್ಲಿ ಈ ನಿಯಮಕ್ಕೆ ತಲೆಬಾಗಿ ವ್ಯಾಪಾರ ಮಾಡುತ್ತಿವೆ, ಯಾರೂ ದಿವಾಳಿಯೆದ್ದಿಲ್ಲ. ನಮ್ಮ ಸರಕಾರ 2022ರ ಡಿಸೆಂಬರಿನಲ್ಲಿ "ದುರಸ್ತಿಯ ಹಕ್ಕು" ಎಂಬ ಒಂದು ಜಾಲತಾಣ ತೆರೆದು, ಕಂಪನಿಗಳು ತಮ್ಮ ರಿಪೇರಿ ಕೇಂದ್ರಗಳ ವಿವರ ಹಾಕಲಿ ಎಂದಿತು. ಹಕ್ಕು ಎಂಬ ಹೆಸರನ್ನು ಜಾಲತಾಣಕ್ಕೆ ಇಟ್ಟರೆ ಹಕ್ಕು ದೊರೆತಂತಾಗುವುದೆ? ಏಳು ವರ್ಷದ ಬಿಡಿಭಾಗದ ನಿಯಮ ಇಲ್ಲಿಯೂ ಬರಬೇಕು. ಬಸ್ ನಿಲ್ದಾಣದ ಹಿಂದಿನ ಆ ಮುದುಕನಂಥವರ ಅಂಗಡಿಗೂ ಬಿಡಿಭಾಗ ಮತ್ತು ನಕಾಶೆ ದೊರೆಯಬೇಕು. ಕಾರ್ಮಿಕ ಸಂಘಗಳು ಬೋನಸ್ಸಿನ ಠರಾವಿನ ಜತೆಗೆ ಇದನ್ನೂ ಒಂದು ಠರಾವಾಗಿ ಬರೆದು ಸಂಸದರ ಮೇಜಿನ ಮೇಲಿಡಲಿ, ವರ್ತಕರ ಸಂಘ ಅದಕ್ಕೆ ರುಜು ಹಾಕಲಿ. ಇಬ್ಬರಿಗೂ ಇದರಲ್ಲಿ ಲಾಭವಿದೆ.

ಅಲ್ಲಿಯವರೆಗೆ ಕೈಯಲ್ಲಿರುವ ಅಸ್ತ್ರವನ್ನಾದರೂ ಬಳಸಿಕೊಳ್ಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಮಾರಿದವನು ದೆಹಲಿಯಲ್ಲಿರಲಿ ಮೊಬೈಲಿನೊಳಗಿರಲಿ, ಕೊಂಡವನು ತಾನು ವಾಸವಾಗಿರುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ಐದು ಲಕ್ಷ ರೂಪಾಯಿಯವರೆಗಿನ ಬೆಲೆಯ ವಸ್ತುವಿಗೆ ದೂರಿನ ಶುಲ್ಕವಿಲ್ಲ. ವಕೀಲರೇ ಬೇಕೆಂದಿಲ್ಲ, ಸ್ವತಃ ನಿಂತು ಹೇಳಿಕೊಳ್ಳಬಹುದು. ತೊಂದರೆ ಉಂಟಾದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಅದಕ್ಕೆ ಮೊದಲು 1915 ಎಂಬ ನಂಬರಿಗೆ ಕರೆಮಾಡಿ ದೂರು ಬರೆಸಿದರೆ ಎಷ್ಟೋ ಕಂಪನಿಗಳು ಅಲ್ಲಿಯೇ ದಾರಿಗೆ ಬರುತ್ತವೆ. ಬಿಲ್ಲು, ಗ್ಯಾರಂಟಿ ಚೀಟಿ, ರಿಪೇರಿಯವನು ಕೊಟ್ಟ ಕಾಗದ ಮೂರೂ ಇರಲಿ. ಬಿಲ್ಲಿನ ಅಕ್ಷರಗಳು ಒಂದು ವರ್ಷದೊಳಗೆ ಅಳಿಸಿಹೋಗುವಂಥ ಕಾಗದದಲ್ಲಿ ಅಚ್ಚಾಗಿ ಬರುತ್ತವೆ, ಆದ್ದರಿಂದ ತಂದ ದಿನವೇ ಅದರ ಎರಡು ಜೆರಾಕ್ಸ್ ತೆಗೆಸಿಟ್ಟುಕೊಳ್ಳಿ.